ಮೈ ನಿಂತಿತ್ತು, ಬಟ್ಟೆ ನಿಂತಿರಲಿಲ್ಲ

"ಇದು ನಾನಲ್ಲ ಮಾರಾಯ್ತಿ, ಇದು ಗೊಂಬೆ."

ಚೌಕಿಯಲ್ಲಿ ವೇಷದ ಪೆಟ್ಟಿಗೆಗೆ ಒರಗಿ ಕೂತು, ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದ ಕಲಾವಿದರು ನಾನು ಕೊಟ್ಟ ಫೋಟೊ ನೋಡಿ ಆಡಿದ ಮಾತು ಇದು. ಹಿಂದಿನ ವಾರ ಕುಂದಾಪುರದ ಹತ್ತಿರದ ಒಂದು ಯಕ್ಷಗಾನ ಬಯಲಾಟದಲ್ಲಿ ಅವರ ಅಭಿಮನ್ಯು ಇತ್ತು. ರಂಗಸ್ಥಳದ ಎದುರಿಗೇ ಕೂತು, ಫ್ಲ್ಯಾಶ್ ಹಾಕಿ, ಮಂಡಿ ಕುಣಿತದ ನಡುವೆ ಹೊಡೆದ ಚಿತ್ರ. ನಾನು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮೇಳ ಪಕ್ಕದೂರಿಗೆ ಬಂದ ದಿನ ರಾತ್ರಿಯೆಲ್ಲ ಕಾದು ಬೆಳಗಿನ ಜಾವ ಅವರ ಕೈಗೆ ಕೊಟ್ಟಿದ್ದೆ.

ಚಿತ್ರದಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಕಣ್ಣಿಗೆ ಫೋಕಸ್ ಸರಿಯಾಗಿ ಕೂತಿತ್ತು. ಎದೆಕಟ್ಟಿನ ಮಣಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಆದರೆ ಅವರು ಹೇಳಿದ ಮೇಲೆ ನನಗೂ ಕಂಡಿತು. ಮುಖ ಸುಣ್ಣ ಹೊಡೆದ ಗೋಡೆಯ ಹಾಗಿತ್ತು, ಹುಬ್ಬಿನ ಕೆಳಗೆ ನೆರಳಿಲ್ಲ, ಕೆನ್ನೆಗೆ ಉಬ್ಬು ತಗ್ಗಿಲ್ಲ. ಬೆನ್ನ ಹಿಂದೆ ಡಾಂಬರು ಬಳಿದಂಥ ಕಪ್ಪು. ಭಾಗವತರಿಲ್ಲ, ಮದ್ದಳೆಯಿಲ್ಲ, ಚಂಡೆಯಿಲ್ಲ. ಕುಣಿಯುತ್ತಿದ್ದ ಮನುಷ್ಯ ಒಂಟಿಯಾಗಿ ಗಾಳಿಯಲ್ಲಿ ಅಂಟಿಕೊಂಡಿದ್ದ.

ಅದಕ್ಕೆ ಕಾರಣ ಸರಳ ಲೆಕ್ಕ. ಫ್ಲ್ಯಾಶಿನ ಬೆಳಕು ದೂರ ಎರಡು ಪಟ್ಟಾದರೆ ಕಾಲುಭಾಗಕ್ಕೆ ಇಳಿಯುತ್ತದೆ. ಮೂರು ಮೀಟರ್ ದೂರದ ಅಭಿಮನ್ಯುವಿನ ಮೇಲೆ ಬಿದ್ದ ಬೆಳಕಿನ ಕಾಲುಭಾಗ ಮಾತ್ರ ಆರು ಮೀಟರ್ ದೂರದ ಭಾಗವತರಿಗೆ ತಲುಪಿದೆ. ಜೊತೆಗೆ ಬೆಳಕು ಹೊರಟದ್ದು ಕ್ಯಾಮೆರಾದ ನೆತ್ತಿಯಿಂದಲೇ. ನೋಡುವ ದಿಕ್ಕಿನಿಂದಲೇ ಬೆಳಕು ಬಿದ್ದರೆ ನೆರಳುಗಳೆಲ್ಲ ವಸ್ತುವಿನ ಹಿಂದೆ ಅಡಗುತ್ತವೆ, ಮುಖ ಚಪ್ಪಟೆಯಾಗುತ್ತದೆ. ಇದೆಲ್ಲ ನನಗೆ ಪಾಠದ ಹಾಗೆ ಬಾಯಿಗೆ ಬರುತ್ತಿತ್ತು. ಆದರೂ ಗೊಂಬೆಯನ್ನೇ ತೆಗೆದಿದ್ದೆ. ಗೊತ್ತಿದ್ದೂ ಹಾಗಾದದ್ದೇಕೆ ಎಂದು ನಾನು ಆಮೇಲೆ ವರ್ಷಗಟ್ಟಲೆ ಯೋಚಿಸಿದ್ದೇನೆ. ಆ ರಾತ್ರಿ ನನಗೆ ಏನು ಬೇಕು ಎಂಬುದನ್ನು ನಾನು ನಿರ್ಧರಿಸಿರಲಿಲ್ಲ. ಕತ್ತಲೆ ಇದೆ, ಆದ್ದರಿಂದ ಫ್ಲ್ಯಾಶ್ ಎಂದಷ್ಟೇ ಕೈ ಕೆಲಸ ಮಾಡಿತ್ತು.

ನಮ್ಮ ಸ್ಟುಡಿಯೊ ಅಪ್ಪ 1968ರಲ್ಲಿ ಶುರುಮಾಡಿದ್ದು. ಈಗ ನಾನು ನಡೆಸುತ್ತಿದ್ದೇನೆ. ಫೋಟೊ ತೆಗೆಯಲು ಕಲಿಸುವಾಗ ಅಪ್ಪ ನನ್ನ ಕೈಗೆ ಮೊದಲು ಕೊಟ್ಟದ್ದು ಒಂದು ರಟ್ಟು. ಫೋಟೊ ಪೇಪರಿನ ಖಾಲಿ ಡಬ್ಬದಿಂದ ಕತ್ತರಿಸಿದ್ದು. ನಡುವೆ ಮೂರಂಗುಲ ಉದ್ದ, ಎರಡಂಗುಲ ಎತ್ತರದ ಕಿಟಕಿ. 35 ಎಂಎಂ ಫಿಲ್ಮಿನ ಒಂದು ಫ್ರೇಮು 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಎತ್ತರ. ರಟ್ಟಿನ ಕಿಟಕಿಗೂ ಅದೇ ಅಳತೆಯ ಅನುಪಾತ. ಒಂದು ಬೇಸಿಗೆ ರಜೆ ಪೂರ್ತಿ ನಾನು ಆ ರಟ್ಟನ್ನು ಕಣ್ಣಿಗೆ ಹಿಡಿದು ಸಂತೆ, ಬಂದರು, ನಮ್ಮ ಹಿತ್ತಲು ಸುತ್ತಿದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇವತ್ತು ಏನೇನು ಹೊರಗಿಟ್ಟೆ?"

ಏನು ನೋಡಿದೆ ಎಂದು ಒಂದು ದಿನವೂ ಕೇಳಲಿಲ್ಲ. ಮೀನು ಮಾರುವ ಹೆಂಗಸಿನ ಕೈ ಬೇಕಾದರೆ ಅವಳ ಹಿಂದಿನ ಪೋಸ್ಟರ್ ಬೇಡ. ಪೋಸ್ಟರ್ ಬೇಡವೆಂದರೆ ನಾನು ಎರಡು ಹೆಜ್ಜೆ ಎಡಕ್ಕೆ ಸರಿದು ಕುಕ್ಕರುಗಾಲಲ್ಲಿ ಕೂರಬೇಕು. ಹಾಗೆ ಹೇಳಲು ಬಂದ ದಿನ ಅಪ್ಪ ತಲೆದೂಗಿದರು.

ಮರುವರ್ಷ ಅಂಕಿಗಳ ಪಾಠ. ಬಿರುಬಿಸಿಲಿಗೆ ಎಫ್ 16, ಶಟರಿನ ವೇಗ ಫಿಲ್ಮಿನ ವೇಗದಷ್ಟೇ. ಅಂದರೆ ಫಿಲ್ಮು 125 ಆದರೆ ಶಟರ್ ತೆರೆದಿರುವುದು ಒಂದು ಸೆಕೆಂಡಿನ 125ನೇ ಒಂದು ಭಾಗ. ಕಡಲ ತೀರದ ಬಿಳಿ ಮರಳಿನಲ್ಲಿ 22. ಮೋಡ ಮುಚ್ಚಿದ್ದರೆ 8. ಮನೆಯ ನೆರಳಿನಲ್ಲಿ 4. ಬಸ್ಸಿನಲ್ಲಿ ಹೋಗುವಾಗ ಅಪ್ಪ ಇದ್ದಕ್ಕಿದ್ದಂತೆ ಮೊಣಕೈಯಲ್ಲಿ ತಿವಿದು "ಈಗ ಎಷ್ಟು?" ಅನ್ನುತ್ತಿದ್ದರು. ಸೇತುವೆಯ ಮೇಲೆ ಒಂದು ಉತ್ತರ, ಹಲಸಿನ ಮರದ ಕೆಳಗೆ ಇನ್ನೊಂದು. ಅಮ್ಮ ಸಾರಿಗೆ ಉಪ್ಪು ಹಾಕುವಾಗ ಚಮಚ ನೋಡುವುದಿಲ್ಲವಲ್ಲ, ಹಾಗೆ ಬೆಳಕಿನ ಅಳತೆ ಕಣ್ಣಿಗೆ ಹತ್ತಿತು.

ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿತದಲ್ಲಿಡುವ ಹಿಡಿಗಳು ಮೂರೇ. ಲೆನ್ಸಿನ ಒಳಗಿನ ಕಿಂಡಿ, ಅದು ತೆರೆದಿರುವ ಹೊತ್ತು, ಫಿಲ್ಮಿನ ಅಥವಾ ಸೆನ್ಸರಿನ ಚುರುಕು. ಕಿಂಡಿಯನ್ನು ಅಪರ್ಚರ್ ಅನ್ನುತ್ತೇವೆ, ಹೊತ್ತನ್ನು ಶಟರ್, ಚುರುಕನ್ನು ಐಎಸ್‌ಒ. ಕಿಂಡಿಯ ಅಂಕಿಗಳು 1.4, 2, 2.8, 4, 5.6, 8, 11, 16 ಎಂದು ಸಾಗುತ್ತವೆ. ಒಂದೊಂದು ಮೆಟ್ಟಿಲಿಗೆ ಬೆಳಕು ಅರ್ಧರ್ಧ ಇಳಿಯುತ್ತದೆ. ಅಂಕಿ ದೊಡ್ಡದಾದಂತೆ ಕಿಂಡಿ ಸಣ್ಣದಾಗುವುದೇಕೆ ಎಂದು ನಮ್ಮಲ್ಲಿ ಕಲಿಯಲು ಬರುವ ಪ್ರತಿ ಹುಡುಗ ಹುಡುಗಿಯೂ ಕೇಳುತ್ತಾರೆ. ಲೆನ್ಸಿನ ಫೋಕಲ್ ಉದ್ದವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. 50 ಎಂಎಂ ಲೆನ್ಸಿನಲ್ಲಿ ಎಫ್ 2 ಅಂದರೆ ಕಿಂಡಿ 25 ಮಿಲಿಮೀಟರ್ ಅಗಲ. ಎಫ್ 16 ಅಂದರೆ ಸುಮಾರು 3 ಮಿಲಿಮೀಟರ್, ಕಡಲೆಬೇಳೆಗಿಂತ ಚಿಕ್ಕದು.

ಮೂರರಲ್ಲಿ ಯಾವುದನ್ನು ತಿರುಗಿಸಿಯೂ ಹೆಚ್ಚು ಬೆಳಕು ಪಡೆಯಬಹುದು. ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಸುಂಕ ಕಟ್ಟಬೇಕು. ಕಿಂಡಿ ಅಗಲ ಮಾಡಿದರೆ ಆಳ ಹೋಗುತ್ತದೆ; ಕಣ್ಣು ಸ್ಪಷ್ಟ, ಕಿವಿ ಮಸುಕು, ಹಿಂದಿನವರು ಬಣ್ಣದ ಮುದ್ದೆ. ಹೊತ್ತು ಹೆಚ್ಚಿಸಿದರೆ ಚಲಿಸುವುದೆಲ್ಲ ಕದಡುತ್ತದೆ. ಚುರುಕು ಏರಿಸಿದರೆ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು. ಯಾವುದನ್ನು ಎಷ್ಟು ತಿರುಗಿಸಿದರೆ ಬೆಳಕು ಸರಿಹೋಗುತ್ತದೆ ಎಂಬ ಲೆಕ್ಕವನ್ನು ಇವತ್ತು ಕ್ಯಾಮೆರಾವೇ ಕಣ್ಣು ಮಿಟುಕಿಸುವುದರೊಳಗೆ ಮಾಡಿ ಮುಗಿಸುತ್ತದೆ. ಯಾವುದು ಹೋದರೂ ಅಡ್ಡಿಯಿಲ್ಲ ಎಂಬುದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಅಪ್ಪನ ರಟ್ಟಿನ ಪ್ರಶ್ನೆಯೂ ಈ ಮೂರು ಹಿಡಿಗಳ ಪ್ರಶ್ನೆಯೂ ಒಂದೇ ಎಂದು ನನಗೆ ಹೊಳೆಯಲು ಆ ಗೊಂಬೆಯ ಚಿತ್ರ ಬೇಕಾಯಿತು. ಏನು ಹೊರಗಿಡುತ್ತೀ?

ಮುಂದಿನ ಕೆಲವು ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ ಬಂತು, ಸೆನ್ಸರುಗಳು ಚುರುಕಾದವು. ಫ್ಲ್ಯಾಶ್ ಮನೆಯಲ್ಲಿಟ್ಟು ಮತ್ತೆ ಆಟಕ್ಕೆ ಹೋದೆ. ಐಎಸ್‌ಒ 6400, ಎಫ್ 2.8, ಶಟರ್ 1/1000. ಈ ಸಲ ಮುಖದಲ್ಲಿ ನೆರಳು ಬೆಳಕು ಇತ್ತು, ಮಂಡಿ ಕುಣಿತದ ಒಂದು ಸುತ್ತೂ ಕದಡಿರಲಿಲ್ಲ. ಆದರೆ ಅಭಿಮನ್ಯು ಕುಣಿಯುತ್ತಿರಲಿಲ್ಲ. ಮೊಣಕಾಲೂರಿ ಯಾರಿಗೋ ಕಾಯುತ್ತಿದ್ದಂತೆ ಕೂತಿದ್ದ. ಅಷ್ಟು ಸಣ್ಣ ಕ್ಷಣದಲ್ಲಿ ಕೈ ಸರಿಯುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಚಲನೆ ಎಂಬುದಕ್ಕೆ ಚಿತ್ರದಲ್ಲಿ ಗುರುತೇ ಉಳಿಯುವುದಿಲ್ಲ. ಸಾಲದ್ದಕ್ಕೆ ಇನ್ನೊಂದು ತೊಂದರೆ: ಒಂದು ಚಿತ್ರ ಹಳದಿ, ಮರುಚಿತ್ರ ಹಸಿರು, ಮೂರನೆಯದರಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ.

ಕ್ಯಾಮೆರಾ ಕೆಟ್ಟಿದೆ ಎಂದುಕೊಂಡಿದ್ದೆ. ಕೆಟ್ಟಿರಲಿಲ್ಲ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದು ಮುಂದಾಗುತ್ತದೆ, ಹಾಗಾಗಿ ರಂಗಸ್ಥಳಕ್ಕೆ ಕಟ್ಟುವ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಉರಿದು ಕಂದುತ್ತದೆ. ನಮ್ಮ ಕಣ್ಣಿಗೆ ಅದು ಒಂದೇ ಸಮನೆ ಉರಿದಂತೆ. 1/1000 ಸೆಕೆಂಡಿಗೆ ತೆರೆಯುವ ಶಟರ್ ಮಾತ್ರ ಆ ಏರಿಳಿತದ ಯಾವುದೋ ಒಂದು ಚೂರನ್ನು ಕಚ್ಚಿಕೊಂಡು ಬರುತ್ತದೆ. ಒಮ್ಮೆ ಉರಿ, ಒಮ್ಮೆ ಕಂದು. ಪರಿಹಾರ ಗಣಿತದಲ್ಲೇ ಇತ್ತು. 1/100 ಸೆಕೆಂಡಿನಲ್ಲಿ ಒಂದು ಪೂರ್ತಿ ಮಿಡಿತ, 1/50ರಲ್ಲಿ ಎರಡು, 1/25ರಲ್ಲಿ ನಾಲ್ಕು. ಈ ವೇಗಗಳಲ್ಲಿ ಬಣ್ಣ ನಿಲ್ಲುತ್ತದೆ.

ಆದರೆ 1/25 ಸೆಕೆಂಡಿನಲ್ಲಿ ಕುಣಿಯುವವನು ಕದಡಿಹೋಗುತ್ತಾನಲ್ಲ? ಇಲ್ಲಿಂದ ಮುಂದಕ್ಕೆ ಲೆಕ್ಕ ನನ್ನನ್ನು ಕೈಹಿಡಿದು ನಡೆಸಲಿಲ್ಲ. ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಮೈಸೂರಿನ ಒಬ್ಬ ಹಿರಿಯರ ಕೆಲಸ.

ವಿ.ಕೆ. ಮೂರ್ತಿ ಹುಟ್ಟಿದ್ದು 1923ರಲ್ಲಿ, ಮೈಸೂರಿನಲ್ಲಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು, ಗುರುದತ್ತರ ಚಿತ್ರಗಳಿಗೆ ಕಣ್ಣಾದವರು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೊದ ಒಳಗೆ ನಾಯಕ ನಾಯಕಿ ದೂರ ದೂರ ನಿಂತಿದ್ದಾರೆ. ಮೇಲಿನಿಂದ ಒಂದು ಬೆಳಕಿನ ಕೋಲು ಓರೆಯಾಗಿ ಇಳಿದಿದೆ, ಧೂಳು ಹೊಗೆ ಅದರಲ್ಲಿ ತೇಲುತ್ತಿದೆ. ಆ ಕೋಲು ಬೇಕು ಎಂಬುದು ಮೊದಲು ನಿರ್ಧಾರವಾದದ್ದು. ಸ್ಟುಡಿಯೊದ ದೀಪಗಳಿಂದ ಅದು ಬರುವಂತಿರಲಿಲ್ಲ, ಏಕೆಂದರೆ ದೀಪ ಹತ್ತಿರದಲ್ಲಿರುತ್ತದೆ. ಹತ್ತಿರದ ದೀಪದ ಬೆಳಕು ಬೀಸಣಿಗೆಯ ಹಾಗೆ ಹರಡುತ್ತದೆ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಅವನ ಕಿರಣಗಳು ನಮಗೆ ತಲುಪುವಾಗ ಹೆಚ್ಚು ಕಡಿಮೆ ಸಮಾನಾಂತರ. ಮೂರ್ತಿಯವರು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದನ್ನು ಸ್ಟುಡಿಯೊದ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ, ಅದರ ಪ್ರತಿಫಲನವನ್ನು ಒಳಗೆ ಎತ್ತರದ ಅಟ್ಟದ ಮೇಲಿದ್ದ ಇನ್ನೊಂದರ ಮೇಲೆ ಬೀಳಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. ಕೋಲು ಕಣ್ಣಿಗೆ ಕಾಣಲು ಗಾಳಿಯಲ್ಲಿ ಏನಾದರೂ ಇರಬೇಕಾದ್ದರಿಂದ ಹೊಗೆ ಹಾಕಿಸಿದರು.

ಚಿತ್ರಮಂದಿರದಲ್ಲಿ ಆ ಸಿನಿಮಾ ಸೋತಿತು. ಛಾಯಾಗ್ರಹಣಕ್ಕೆ ಫಿಲಂಫೇರ್ ಪ್ರಶಸ್ತಿ ಬಂತು. ಅರ್ಧ ಶತಮಾನ ಕಳೆದ ಮೇಲೆ, 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿಸಲವೂ ನನಗೆ ಕಾಣುವುದು ಹೊರಗಿನ ಕನ್ನಡಿಯ ಬಳಿ ನಿಂತಿದ್ದ ಕೆಲಸಗಾರ. ಸೂರ್ಯ ಸರಿದ ಹಾಗೆಲ್ಲ ಅವನು ಕನ್ನಡಿಯನ್ನು ಒಂದಿಷ್ಟು ತಿರುಗಿಸಿರಲೇಬೇಕು. ಇಲ್ಲವಾದರೆ ಒಳಗೆ ಆ ವಿರಹದ ಬೆಳಕು ನಾಯಕಿಯ ಮೇಲಿಂದ ಜಾರಿ ಗೋಡೆಗೆ ಹೋಗುತ್ತಿತ್ತು.

ಮೂರ್ತಿಯವರು ಮೊದಲು ಬೇಕಾದದ್ದನ್ನು ಕಂಡರು, ಆಮೇಲೆ ಕನ್ನಡಿ ಹುಡುಕಿದರು. ನಾನು ಉಲ್ಟಾ ಹೊರಟಿದ್ದೆ. ಹಾಗಾಗಿ ಮೇಳದ ಒಂದು ತಿರುಗಾಟದ ಅವಧಿ ಪೂರ್ತಿ ಕ್ಯಾಮೆರಾ ಚೀಲದಲ್ಲೇ ಬಿಟ್ಟು ಬರೀ ಆಟ ನೋಡಿದೆ. ಅಭಿಮನ್ಯುವಿನ ಕುಣಿತದಲ್ಲಿ ನನ್ನ ಎದೆ ಯಾವಾಗ ಝಲ್ಲೆನ್ನುತ್ತದೆ? ಸುತ್ತುತ್ತಿರುವಾಗ ಅಲ್ಲ. ಸುತ್ತಿ ಸುತ್ತಿ ಬಂದು, ಚಂಡೆಯ ಮುಕ್ತಾಯದ ಪೆಟ್ಟಿಗೆ ಸರಿಯಾಗಿ ಅವನು ಗಕ್ಕನೆ ನಿಲ್ಲುತ್ತಾನಲ್ಲ, ಆಗ. ಮುಖ ನಮ್ಮ ಕಡೆ ನೆಟ್ಟಿದೆ, ಕಣ್ಣು ಅರಳಿದೆ, ಮೈ ಕಲ್ಲು. ಸೊಂಟದ ಬಟ್ಟೆ ಮತ್ತು ಹೆಗಲಿನ ಶಾಲಿನ ಅಂಚು ಮಾತ್ರ ಇನ್ನೂ ಆ ಸುತ್ತಿನಲ್ಲೇ ಇವೆ. ಮೈ ನಿಂತಿದೆ, ಬಟ್ಟೆ ನಿಂತಿಲ್ಲ. ನನಗೆ ಬೇಕಾದ ಚಿತ್ರ ಅದು.

ಅದು ಗೊತ್ತಾದ ಕೂಡಲೇ ಅಂಕಿಗಳು ತಾವಾಗಿ ಬಂದು ಕೂತವು. 1/25 ಸೆಕೆಂಡ್: ಟ್ಯೂಬಿನ ನಾಲ್ಕು ಮಿಡಿತ, ಬಣ್ಣ ಸ್ಥಿರ. ಅಷ್ಟರಲ್ಲಿ ನಿಂತ ಮುಖ ಅಲುಗದು, ಹಾರುವ ಬಟ್ಟೆಯ ಅಂಚು ಹತ್ತು ಸೆಂಟಿಮೀಟರಿನಷ್ಟು ಬಳಿದುಕೊಳ್ಳುತ್ತದೆ. ಹೊತ್ತು ಹೆಚ್ಚಾದ್ದರಿಂದ ಐಎಸ್‌ಒ 800ಕ್ಕೆ ಇಳಿಯಿತು, ರವೆ ಮಾಯವಾಯಿತು. ಕಿಂಡಿಯನ್ನು 5.6ಕ್ಕೆ ಕಿರಿದು ಮಾಡಲು ಸಾಧ್ಯವಾಯಿತು, ಅದರಿಂದ ಹಿಂದೆ ಕೂತ ಭಾಗವತರೂ ಗುರುತು ಸಿಗುವಷ್ಟು ಸ್ಪಷ್ಟ. ಕೈ ನಡುಗದಂತೆ ರಂಗಸ್ಥಳದ ಎದುರಿನ ಚಪ್ಪರದ ಕಂಬಕ್ಕೆ ಭುಜ ಒತ್ತಿ ನಿಂತೆ.

ಉಳಿದದ್ದು ಹೊತ್ತು ಗೊತ್ತಿನ ಪ್ರಶ್ನೆ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಬೇಕು. ಅವನು ನಿಂತದ್ದನ್ನು ಕಂಡು ಒತ್ತಿದರೆ ಬಟ್ಟೆಯೂ ನಿಂತುಬಿಟ್ಟಿರುತ್ತದೆ. ಮುಂಚೆಯೇ ಗೊತ್ತಿರಬೇಕು. ಮೇಳದ ಮದ್ದಳೆಗಾರರೊಬ್ಬರ ಮನೆಗೆ ಮಳೆಗಾಲದಲ್ಲಿ ಹೋಗಿ, ಅವರ ಜಗಲಿಯಲ್ಲಿ ಕೂತು, ಮುಕ್ತಾಯ ಎಲ್ಲಿ ಬೀಳುತ್ತದೆ ಎಂದು ತೊಡೆ ತಟ್ಟಿ ತಟ್ಟಿ ಕಲಿತೆ. ಆಮೇಲಿನ ಆಟಗಳಲ್ಲಿ ನಾನು ಒತ್ತಿದ್ದು ಕಣ್ಣಿನಿಂದ ಅಲ್ಲ, ಕಿವಿಯಿಂದ. ಒಂದು ರಾತ್ರಿಯ ನಲವತ್ತಮೂರು ಚಿತ್ರಗಳಲ್ಲಿ ಒಂದು ಬಂತು. ಅದೇ ಕಲಾವಿದರಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಕಾಲಿನ ಗೆಜ್ಜೆ ಬಿಚ್ಚುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತ ಕೂತರು. ಆ ಪ್ರಿಂಟು ಈಗ ಅವರ ಮನೆಯ ಚಾವಡಿಯಲ್ಲಿದೆ.

ಇಷ್ಟು ಕೇಳಿದವರು 1/25 ಒಳ್ಳೆಯ ಅಂಕಿ ಎಂದುಕೊಂಡರೆ ನನಗೆ ಬೇಸರವಾಗುತ್ತದೆ. ಕಂಬಳದ ಗದ್ದೆಯಲ್ಲಿ ನಾನು 1/2000ಕ್ಕಿಂತ ಕೆಳಗೆ ಇಳಿಯುವುದೇ ಕಡಿಮೆ. ಅಲ್ಲಿ ನನಗೆ ಬೇಕಾದದ್ದು ಕೋಣಗಳ ಕಾಲ ಕೆಳಗಿನಿಂದ ಎದ್ದ ನೀರು. ಅದು ಓಟಗಾರನ ಮುಖವನ್ನು ಮುಚ್ಚುವ ಮೊದಲು ಒಂದು ಕ್ಷಣ ಗಾಜಿನ ಬಾಗಿಲಿನಂತೆ ನಿಲ್ಲುತ್ತದೆ. ಅದರ ಹನಿಹನಿಯೂ ನನಗೆ ಬೇಕು. ಅಲ್ಲಿ ಎದುರಾಗುವ ಸಮಸ್ಯೆಯೇ ಬೇರೆ. ಕ್ಯಾಮೆರಾದೊಳಗಿನ ಮೀಟರು ಜಗತ್ತೆಲ್ಲ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮರಳಿಸುವಂಥದ್ದು, ಎಂಬ ನಂಬಿಕೆಯ ಮೇಲೆ ಲೆಕ್ಕ ಹಾಕುತ್ತದೆ. ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುವ ಕರಿಕೋಣ ಚೌಕಟ್ಟು ತುಂಬಿದರೆ, "ಇಲ್ಲಿ ಬೆಳಕು ಸಾಲದು" ಎಂದು ಹೆಚ್ಚು ಬೆಳಕು ಬಿಟ್ಟು ಕೋಣವನ್ನು ಬೂದಿ ಬಳಿದಂತೆ ಮಾಡುತ್ತದೆ. ಬಿಳಿ ಪಂಚೆಯವರ ಸಾಲು ಚೌಕಟ್ಟು ತುಂಬಿದರೆ ಬೆಳಕು ತಗ್ಗಿಸಿ ಪಂಚೆಗಳನ್ನು ಕೊಳೆ ಮಾಡುತ್ತದೆ. ಹಾಗಾಗಿ ಕರಿಯದಕ್ಕೆ ಮೀಟರು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಬಿಳಿಯದಕ್ಕೆ ಒಂದು ಮೆಟ್ಟಿಲು ಹೆಚ್ಚು.

ಮನುಷ್ಯರ ಮೈಬಣ್ಣದ ವಿಷಯಕ್ಕೆ ಬಂದಾಗ ಈ ಮಾತು ನನಗೆ ಬರಿಯ ತಾಂತ್ರಿಕ ವಿಷಯವಾಗಿ ಉಳಿಯುವುದಿಲ್ಲ. ಕಲರ್ ಫಿಲ್ಮಿನ ಕಾಲದಲ್ಲಿ ಪ್ರಿಂಟುಗಳ ಬಣ್ಣ ಸರಿಯಿದೆಯೇ ಎಂದು ಹೊಂದಿಸಿ ನೋಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕೊಡುತ್ತಿತ್ತು. ಶರ್ಲಿ ಕಾರ್ಡ್ ಎಂದು ಅದಕ್ಕೆ ಹೆಸರು. ದಶಕಗಳ ಕಾಲ ಅದರ ಮೇಲಿದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಅವಳ ಕೆನ್ನೆ ಸರಿಬಂದರೆ ಎಲ್ಲ ಸರಿ. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಮದುವೆಯ ಚಿತ್ರಗಳು ಹೊರಗಿನ ಲ್ಯಾಬಿನಿಂದ ಬಂದವು. ಎಣ್ಣೆಗಪ್ಪು ಬಣ್ಣದ, ತುಂಬು ಲಕ್ಷಣದ ಮದುಮಗಳು. ಪ್ರಿಂಟಿನಲ್ಲಿ ಮುಖ ಬೂದಿ ಬಣ್ಣಕ್ಕೆ ತಿರುಗಿ, ಅಂಚು ಕರಗಿಹೋಗಿತ್ತು. ಹುಡುಗಿಯ ತಾಯಿ ಆಲ್ಬಮ್ ತೆಗೆದುಕೊಂಡು "ನೀವಾದರೂ ಚೂರು ಬೆಳ್ಳಗೆ ಮಾಡಿದಿರಲ್ಲ" ಎಂದು ಸಂತೋಷಪಟ್ಟರು. ಹುಡುಗಿ ಮಾತಾಡಲಿಲ್ಲ. ಆ ಮೌನ ನನಗೆ ಇವತ್ತಿಗೂ ನೆನಪಿದೆ. ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಓರೆಯಿಂದ ಮೆತ್ತನೆ ಬೆಳಕು ಬರುವಂತೆ ಮಾಡಿದ್ದರೆ ಆ ಕೆನ್ನೆಯ ಮೇಲೆ ಬೆಳಕು ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು! ಕಪ್ಪು ಮೈಬಣ್ಣಕ್ಕೆ ಹೊಳಪೇ ರೂಪ ಕೊಡುವುದು. ಎದುರಿನಿಂದ ಫ್ಲ್ಯಾಶ್ ಹೊಡೆದು ಆಮೇಲೆ ಬಣ್ಣ ತಿಳಿಮಾಡಿದರೆ ಉಳಿಯುವುದು ಯಾರ ಮುಖವೂ ಅಲ್ಲ.

ಇವತ್ತು ಕೈಯಲ್ಲಿರುವ ಮೊಬೈಲಿನೊಳಗೂ ಇದೇ ಬಗೆಯ ಮುನ್ನಿರ್ಧಾರಗಳಿವೆ. ನೀವು ಒಮ್ಮೆ ಒತ್ತಿದರೆ ಅದು ಹಲವು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಹೊಂದಿಸಿ, ನೆರಳನ್ನು ಎತ್ತಿ, ರಾತ್ರಿಯನ್ನು ಸಂಜೆಯಂತೆ ಮಾಡಿ ಕೊಡುತ್ತದೆ. ದೀಪಾವಳಿಯ ಹಣತೆಯ ಎದುರು ಕೂತ ಮಗುವಿನ ಚಿತ್ರದಲ್ಲಿ ಹಿಂದಿನ ಟಿವಿ ಸ್ಟ್ಯಾಂಡು, ಚಪ್ಪಲಿ ಗೂಡು ಎಲ್ಲ ಬೆಳಗಿರುತ್ತವೆ. ಒಂದು ಕೆಲಸ ಮಾಡಿ ನೋಡಿ. ಪರದೆಯ ಮೇಲೆ ಮಗುವಿನ ಮುಖವನ್ನು ಬೆರಳಿನಿಂದ ಮುಟ್ಟಿ. ಬಹಳಷ್ಟು ಫೋನುಗಳಲ್ಲಿ ಪಕ್ಕದಲ್ಲಿ ಒಂದು ಸೂರ್ಯನ ಗುರುತು ಬರುತ್ತದೆ. ಅದನ್ನು ಕೆಳಗೆ ಎಳೆಯಿರಿ. ಟಿವಿ ಸ್ಟ್ಯಾಂಡು ಕತ್ತಲೆಗೆ ಹೋಗುವವರೆಗೆ ಎಳೆಯಿರಿ. ಹಣತೆ ಬೆಳಗಿಸುತ್ತಿರುವಷ್ಟೇ ಮುಖ ಉಳಿದಾಗ ನಿಲ್ಲಿಸಿ, ಒತ್ತಿ.

ಚಿತ್ರ ಒತ್ತಿದಲ್ಲಿಗೆ ಮುಗಿಯಿತು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅಮೆರಿಕದ ಆನ್ಸೆಲ್ ಆಡಮ್ಸ್ ಅವರ ಒಂದು ಚಿತ್ರದ ಕಥೆ ಓದಿದ ಮೇಲೆ ಆ ತಿಳಿವಳಿಕೆ ಬದಲಾಯಿತು. 1941ರಲ್ಲಿ ನ್ಯೂ ಮೆಕ್ಸಿಕೊದ ಹೆದ್ದಾರಿಯಲ್ಲಿ ಕಾರಿನಲ್ಲಿ ಬರುತ್ತಿದ್ದಾಗ ಅವರಿಗೆ ಹೆರ್ನಾಂಡೆಜ್ ಎಂಬ ಹಳ್ಳಿ ಕಂಡಿತು. ಮುಳುಗುವ ಸೂರ್ಯನ ಕೊನೆಯ ಬೆಳಕು ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ. ಹಿಮದ ಬೆಟ್ಟದ ಮೇಲೆ ಚಂದ್ರ. ಗಾಡಿ ನಿಲ್ಲಿಸಿ, ಎಂಟು ಹತ್ತು ಅಂಗುಲದ ಫಿಲ್ಮು ಹಾಕುವ ಭಾರಿ ಕ್ಯಾಮೆರಾ ನಿಲ್ಲಿಸಿದರು. ಬೆಳಕು ಅಳೆಯುವ ಮೀಟರು ಹುಡುಕಿದರೆ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಿತ್ತು. ಅದನ್ನೇ ಹಿಡಿದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಎಫ್ 32ರಲ್ಲಿ ಒಂದು ಸೆಕೆಂಡ್ ಬೆಳಕು ಬಿಟ್ಟರು. ಎರಡನೆಯ ಚಿತ್ರಕ್ಕೆ ಫಿಲ್ಮು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ತಾರೀಕು ಬರೆದಿಟ್ಟಿರಲಿಲ್ಲ, ಎಷ್ಟೋ ವರ್ಷಗಳ ಮೇಲೆ ಖಗೋಳ ಬಲ್ಲವರು ಚಿತ್ರದೊಳಗಿನ ಚಂದ್ರನ ಸ್ಥಾನ ನೋಡಿ ಅದು ನವೆಂಬರ್ 1 ಎಂದು ಲೆಕ್ಕ ಹಾಕಿದರು.

ಆ ಒಂದೇ ನೆಗೆಟಿವ್‌ನಿಂದ ಆಡಮ್ಸ್ ಸಾವಿರಕ್ಕೂ ಹೆಚ್ಚು ಪ್ರಿಂಟು ಹಾಕಿದರು. ಮೊದಲಿನವುಗಳಲ್ಲಿ ಆಕಾಶದಲ್ಲಿ ತಿಳಿಮೋಡಗಳಿವೆ. ಅವರಿಗೆ ವಯಸ್ಸಾಗುತ್ತ ಹೋದಂತೆ ಪ್ರಿಂಟುಗಳಲ್ಲಿ ಆಕಾಶ ಕಪ್ಪಾಗುತ್ತ ಹೋಯಿತು. ಎಳವೆಯಲ್ಲಿ ಪಿಯಾನೊ ಕಲಿತಿದ್ದ ಅವರು ನೆಗೆಟಿವನ್ನು ಸ್ವರಲಿಪಿಗೂ ಪ್ರಿಂಟನ್ನು ಕಚೇರಿಗೂ ಹೋಲಿಸುತ್ತಿದ್ದರು. ನನಗೆ ಇದು ಥಟ್ಟನೆ ಅರ್ಥವಾಯಿತು. ಪ್ರಸಂಗದ ಪುಸ್ತಕ ಒಂದೇ, ಭಾಗವತರು ಪ್ರತಿ ರಾತ್ರಿ ಬೇರೆ ಆಟ ಆಡಿಸುತ್ತಾರೆ.

ಕಳೆದ ವರ್ಷ ಒಬ್ಬ ಹುಡುಗ ಸ್ಟುಡಿಯೊಗೆ ಬಂದ. ಅವನ ಅಜ್ಜ ಒಂದು ಮೇಳದಲ್ಲಿ ಮದ್ದಳೆಗಾರರು. ಮನೆಯಲ್ಲಿ ಅವರದೊಂದು ಫೋಟೊ ಕೂಡ ಇಲ್ಲವಂತೆ. ನಿಮ್ಮ ತಂದೆ ಆಟದ ಚಿತ್ರ ತೆಗೆಯುತ್ತಿದ್ದರಂತಲ್ಲ ಎಂದು ಕೇಳಿದ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವರ ನೆಗೆಟಿವ್‌ಗಳ ಬಿಸ್ಕತ್ತಿನ ಡಬ್ಬ ತೆಗೆದೆ. 1974 ಎಂದು ಬರೆದ ಲಕೋಟೆಯಲ್ಲಿ ಆ ಮೇಳದ ಒಂದು ರಾತ್ರಿ ಸಿಕ್ಕಿತು, ಗ್ಯಾಸ್‌ಲೈಟಿನ ಕಾಲದ್ದು. ಅದರಲ್ಲಿ ಅಪ್ಪನಿಗೆ ಬಹಳ ಇಷ್ಟದ ಚಿತ್ರವೂ ಇತ್ತು. ಅದರ ಪ್ರಿಂಟು ನಮ್ಮ ಸ್ಟುಡಿಯೊದ ಗೋಡೆಯ ಮೇಲೆ ನಾನು ಹುಟ್ಟಿದಾಗಿನಿಂದ ಇದೆ. ಕತ್ತಲೆಯ ನಡುವೆ ಒಬ್ಬನೇ ಬಬ್ರುವಾಹನ.

ನೆಗೆಟಿವನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಎಡ ಮೂಲೆಯಲ್ಲಿ, ಗೋಡೆಯ ಪ್ರಿಂಟಿನಲ್ಲಿ ಬರಿ ಕಪ್ಪಿರುವ ಕಡೆ, ಬಹಳ ತೆಳುವಾಗಿ ಏನೋ ಇತ್ತು. ಬೆರಳುಗಳು. ಮದ್ದಳೆಯ ಮೇಲೆ ಬಿಚ್ಚಿದ ಕೈ, ಅದರ ಮೇಲೆ ಬಗ್ಗಿದ ಮುಖದ ಒಂದು ಬದಿ. ಪ್ರಿಂಟು ಹಾಕುವಾಗ ಅಪ್ಪ ಆ ಮೂಲೆಗೆ ಬೇಕೆಂದೇ ಹೆಚ್ಚು ಬೆಳಕು ಕೊಟ್ಟು ಕಪ್ಪು ಮಾಡಿದ್ದರು. ಅವರ ಚಿತ್ರಕ್ಕೆ ಬಬ್ರುವಾಹನ ಒಂಟಿಯಾಗಿರಬೇಕಿತ್ತು, ಅದು ಸರಿಯೇ. ಹುಡುಗನಿಗೆ ಬೇಕಾದದ್ದು ಆ ಮೂಲೆ.

ಡಾರ್ಕ್‌ರೂಮಿನ ಧೂಳು ಹೊಡೆದು, ಎನ್‌ಲಾರ್ಜರ್ ಒರೆಸಿ, ಕೆಂಪು ದೀಪ ಹಾಕಿದೆ. ಪೂರ್ತಿ ಚಿತ್ರಕ್ಕೆ ಇಪ್ಪತ್ತು ಸೆಕೆಂಡ್ ಸರಿ ಎಂದು ಪರೀಕ್ಷೆಗೆ ಕಾಗದದ ಒಂದು ಪಟ್ಟಿ ತೆಗೆದು ನೋಡಿಕೊಂಡೆ. ತೆಳುವಾದ ಮೂಲೆಗೆ ಅಷ್ಟು ಬಿದ್ದರೆ ಮತ್ತೆ ಕಪ್ಪೇ. ಆದ್ದರಿಂದ ಆ ಮೂಲೆಗೆ ಹನ್ನೊಂದು ಸೆಕೆಂಡ್ ಮಾತ್ರ. ಉಳಿದ ಒಂಬತ್ತು ಸೆಕೆಂಡ್ ಬೆಳಕಿಗೆ ನನ್ನ ಎಡ ಅಂಗೈಯನ್ನು ಅಡ್ಡ ಹಿಡಿದೆ. ಅಂಚು ಕತ್ತರಿಸಿದಂತೆ ಕಾಣಬಾರದೆಂದು, ಅಪ್ಪ ಮಾಡುತ್ತಿದ್ದಂತೆ, ಕೈಯನ್ನು ನಿಧಾನ ಆಡಿಸುತ್ತಲೇ ಇದ್ದೆ. ಕಾಗದವನ್ನು ಡೆವಲಪರಿನ ಟ್ರೇಯಲ್ಲಿ ಅದ್ದಿ, ಒಂದು ಮೂಲೆ ಹಿಡಿದು ಮೆಲ್ಲನೆ ತೂಗಿದೆ. ಹುಡುಗ ನನ್ನ ಪಕ್ಕ ಉಸಿರು ಬಿಗಿಹಿಡಿದು ನಿಂತಿದ್ದ. ಮೊದಲು ಕತ್ತಲೆ ಬಂತು. ಆಮೇಲೆ ಆ ಕತ್ತಲೆಯೊಳಗೆ ನಾಲ್ಕು ಬೆರಳು.